ನಡುವೆ ಮಾಲು ಮುಗಿದರೆ

ಮುಲುಂಡ್, ಮುಂಬಯಿ

ಪ್ರೀತಿಯ ಪುಟ್ಟಿಗೆ,

ಪತ್ರ ಬಂತು. ನಿನ್ನ ಹೊಸ ಮನೆಯ ಪ್ಲಾನು, ಅಡಿಗೆಮನೆಯ ಕಟ್ಟೆ, ಬಾಗಿಲ ಬಣ್ಣ ಎಲ್ಲ ಓದಿದೆ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಛಾವಣಿಯ ಸ್ಲ್ಯಾಬ್ ಹಾಕುವ ದಿನ ನಡುವೆ ಕಾಂಕ್ರೀಟ್ ಮಾಲು ಮುಗಿದರೆ ಏನು ಗತಿ, ಮಾಮಾ?" ಅಂತ. ಅದನ್ನು ಓದಿದ ಮೇಲೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಹೊರಳಾಡಬೇಡಿ, ಎದ್ದು ಬರೆದುಬಿಡಿ ಎಂದಳು ನಿನ್ನ ಅತ್ತೆ.

ನಿನ್ನದು ಸುಮ್ನೆ ಹೆದರಿಕೆ ಅಲ್ಲ. ಅಂಥದೊಂದು ಸಂಜೆ ನಾನು ನೋಡಿದ್ದೇನೆ.

14 ಕ್ಯೂಬಿಕ್ ಮೀಟರ್ ಸಾಕು ಅಂತ ಲೆಕ್ಕ ಹಾಕಿದ್ದೀಯ. 30 ಅಡಿ, 40 ಅಡಿ, 5 ಇಂಚು ದಪ್ಪ. 500 ಘನ ಅಡಿ, ಇಲ್ಲಿನವರ ಮಾತಿನಲ್ಲಿ 5 ಬ್ರಾಸ್, ನೂರು ಘನ ಅಡಿಗೆ ಒಂದು ಬ್ರಾಸ್. ಗುಣಾಕಾರ ಸರಿಯಾಗಿದೆ. ಆದರೆ ಸ್ಲ್ಯಾಬನ್ನು ಹೊರುವ ಬೀಮುಗಳು ಎಲ್ಲಿ ಹೋದವು? ಸ್ಲ್ಯಾಬಿನಿಂದ ಕೆಳಗೆ 13 ಇಂಚು ಇಳಿಯುತ್ತವೆ, 9 ಇಂಚು ಅಗಲ, ಎಲ್ಲ ಸೇರಿ 200 ಅಡಿ ಉದ್ದ. ನೀನು ಕಳಿಸಿದ ಡ್ರಾಯಿಂಗಿನಲ್ಲೇ ಇದೆ. ಅಷ್ಟಕ್ಕೇ 160 ಘನ ಅಡಿ ಮೀರುತ್ತದೆ, ನಾಲ್ಕೂವರೆ ಕ್ಯೂಬಿಕ್ ಮೀಟರ್. ಮುಂದುಗಡೆ ಹೊರಚಾಚುವ ಪಟ್ಟಿ ಬೇರೆ. ಲೆಕ್ಕ 19 ದಾಟಿತು, ನೋಡು.

ತಪ್ಪು ಹುಡುಕಿದೆ ಅಂತ ಬೇಜಾರಾಗಬೇಡ. ಇದೇ ತಪ್ಪನ್ನು ನಾನೂ ಮಾಡಿದ್ದೆ. ಅದೂ ಹನ್ನೊಂದು ವರ್ಷ ಸೈಟಿನಲ್ಲಿ ದುಡಿದ ಮೇಲೆ.

ನಾನು ಕಟ್ಟಿಸಿದ ಡೊಂಬಿವಲಿ ಮನೆಯ ಕಥೆ, ಅಜ್ಜಿಯ ಮಂಚದ ಕಥೆ ನಿನಗೆ ಗೊತ್ತು, ಅದನ್ನು ಬಿಡು. 1989ರ ಮೇ ತಿಂಗಳ ಆ ಸಂಜೆಯ ಮಾತು ಮಾತ್ರ ಯಾರಿಗೂ ಹೇಳಿಲ್ಲ. ಆಗ ಮಾಲು ಲಾರಿಯಲ್ಲಿ ಬರುತ್ತಿರಲಿಲ್ಲ. ಅಂಗಳದಲ್ಲೇ ಮಿಕ್ಸರ್ ತಿರುಗುತ್ತಿತ್ತು, ಮಾಲು ತುಂಬಿದ ಘಮೇಲಾ ಬುಟ್ಟಿ ಕೈಯಿಂದ ಕೈಗೆ ಮೇಲೆ ಹೋಗುತ್ತಿತ್ತು. ಮೇಸ್ತ್ರಿ ವಿಜಯಪುರದ ಕಡೆಯವನು. ಕನ್ನಡದವನು ಅಂತಲೇ ಕೆಲಸ ಕೊಟ್ಟಿದ್ದೆ. ಬೆಳಿಗ್ಗೆ ಸಿಮೆಂಟ್ ಚೀಲ ಎಣಿಸಿದವನೇ, "ಸಾಹೇಬ್ರ, ಇಷ್ಟ್ರಾಗ ಮುಗಿಯಂಗಿಲ್ಲರಿ" ಅಂದ. ನಾನು ಜೇಬಿನಿಂದ ಚೀಟಿ ತೆಗೆದು ತೋರಿಸಿದೆ. ಆ ಚೀಟಿಯಲ್ಲಿ ಕೋಣೆಗಳ ಒಳ ಅಳತೆ ಇತ್ತು, ಬೀಮು ಇರಲಿಲ್ಲ. ಅವನು ಮತ್ತೆ ಮಾತಾಡಲಿಲ್ಲ.

ಸಂಜೆ ಆರಕ್ಕೆ ಚೀಲ ಮುಗಿಯಿತು. ಅಂಗಡಿ ಬಾಗಿಲು ಹಾಕಿತ್ತು. ಕಂಬದ ಪಕ್ಕದಲ್ಲೇ, ಎಲ್ಲಿ ಮುಗಿಯಿತೋ ಅಲ್ಲೇ ನಿಲ್ಲಿಸಿದೆವು. ಬೆಳಿಗ್ಗೆ ಮುಟ್ಟಿದರೆ ಅಂಚು ಕಲ್ಲಾಗಿತ್ತು. ಅದನ್ನು ಕೆತ್ತಬೇಕು ಅಂದ ಮೇಸ್ತ್ರಿ. ಹೊತ್ತಾಗುತ್ತದೆ ಅಂತ ನಾನೇ ಒಂದು ಬಕೆಟ್ ನೀರು ಸುರಿಸಿ, ಮೇಲೆ ಹೊಸ ಮಾಲು ಹಾಕಿಸಿದೆ. ಜೂನಿನಲ್ಲಿ ಮಳೆ ಬಂತು. ಛಾವಣಿಗೆ ಅಡ್ಡಲಾಗಿ ಒಂದು ಒದ್ದೆ ಗೆರೆ ಮೂಡಿತು, ಹಗ್ಗ ಎಳೆದ ಹಾಗೆ ನೆಟ್ಟಗೆ. ಅಜ್ಜಿ ಮಂಚ ಸರಿಸಿಕೊಂಡರು. ಪ್ರತಿ ಮಳೆಗಾಲ ಸರಿಸಿಕೊಂಡರು.

ಮೇಸ್ತ್ರಿ ಕೆಲಸ ಕೆಡಿಸಿದ ಅಂತ ಮನೆಯಲ್ಲಿ ಹೇಳಿದವನು ನಾನು. ಅವನ ಲೆಕ್ಕದಲ್ಲಿ 1,200 ರೂಪಾಯಿ ಹಿಡಿದುಕೊಂಡೆ. ಮರುವರ್ಷ ಸ್ಟೇಷನ್ ಸೇತುವೆಯ ಮೇಲೆ ಎದುರಾದ, ತಲೆ ಮೇಲೆ ಹಾಸಿಗೆ ಗಂಟು ಇತ್ತು. ನಾನು ಮುಖ ತಿರುಗಿಸಿ ಇಳಿದುಬಿಟ್ಟೆ. ಅಜ್ಜಿಗಾದರೂ ನಿಜ ಹೇಳಬೇಕಿತ್ತು, ಹೇಳಲಿಲ್ಲ. ಈಗ ನಿನಗೆ ಬರೆಯುತ್ತಿದ್ದೇನೆ.

ಹಾಗಾಗಿ ನಡುವೆ ಮುಗಿದರೆ ಅಂತ ನೀನು ಕೇಳಿದಾಗ ನನಗೆ ಆ ಗೆರೆಯೇ ಕಣ್ಣಮುಂದೆ ಬರುತ್ತದೆ. ಮೊದಲನೆಯದು, ಮುಗಿಯದ ಹಾಗೆ ನೋಡಿಕೋ. ಮಾಲನ್ನು ಕೆಳಗಿನಿಂದ ಹೊರುವ ಸೆಂಟ್ರಿಂಗ್ ಹಲಗೆ ಅರ್ಧ ಇಂಚು ಜಗ್ಗಿದರೂ ನಿನ್ನ ಸ್ಲ್ಯಾಬ್ ಅರ್ಧ ಬ್ರಾಸ್ ಜಾಸ್ತಿ ನುಂಗುತ್ತದೆ. ಹಿಂದಿನ ದಿನ ನೀನೇ ದಾರ ಹಿಡಿಸಿ ನೋಡು. ಎಲ್ಲ ಸೇರಿಸಿ 20, 21 ಅಂತ ಇಟ್ಟುಕೋ. ನಿಮ್ಮ ಪುಣೆಯಲ್ಲಿ ಲಾರಿಯಲ್ಲಿ ತರಿಸುತ್ತೀರಿ ಅಲ್ವಾ? ಒಂದು ಲಾರಿಗೆ 6 ಕ್ಯೂಬಿಕ್ ಮೀಟರ್ ಹಿಡಿದರೆ ಮೂರಕ್ಕೆ ಮುಗಿಯುವುದಿಲ್ಲ. ನಾಲ್ಕನೆಯದರಲ್ಲಿ ಎಷ್ಟು ಅಂತ ಮೊದಲೇ ಹೇಳಬೇಡ. ಮೂರನೆಯದು ಸುರಿಯುತ್ತಿರುವಾಗಲೇ ಉಳಿದ ಜಾಗಕ್ಕೆ ಟೇಪ್ ಹಿಡಿದು, ಆಗ ಫೋನ್ ಮಾಡು. ಲಾರಿಗೆ ಮಾಲು ತುಂಬಿದ ಮೇಲೆ ಎರಡು ಗಂಟೆಯೊಳಗೆ ಸುರಿಯಬೇಕು, ಅದಕ್ಕೆ ಟ್ರಾಫಿಕ್ ಏಳುವ ಮುಂಚೆ ಶುರುಮಾಡಿಸು. ತಡವಾದರೆ ಡ್ರೈವರ್ ನೀರು ಸೇರಿಸಲು ನೋಡಬಹುದು, ಬಿಡಬೇಡ. ಇದೆಲ್ಲ ನಿನ್ನ ಇಂಜಿನಿಯರ್ ಹೇಳಿಯೇ ಇರುತ್ತಾರೆ, ಮುದುಕ ಮತ್ತೆ ಹೇಳಿದ ಅಂತ ಸಹಿಸಿಕೋ.

ಅಷ್ಟಾದರೂ ಮುಗಿದುಹೋದರೆ? ಅದನ್ನೇ ಅಲ್ಲವಾ ನೀನು ಕೇಳಿದ್ದು. ಕಂಬದ ಹತ್ತಿರ, ಬೀಮಿನ ತುದಿಯಲ್ಲಿ ನಿಲ್ಲಿಸಬಾರದು. ಎರಡು ಆಸರೆಗಳ ನಡುವಿನ ಅಂತರವನ್ನು ಮೂರು ಪಾಲು ಮಾಡಿ, ನಡುವಿನ ಪಾಲಿನಲ್ಲಿ ಹಲಗೆ ಅಡ್ಡ ಕೊಟ್ಟು ನೆಟ್ಟಗೆ ನಿಲ್ಲಿಸಬೇಕು. ಮರುದಿನ ಜಲ್ಲಿ ಕಾಣುವ ತನಕ ಅಂಚನ್ನು ಕೆತ್ತಿ, ತೊಳೆದು, ನೀರಿನಲ್ಲಿ ಕಲಸಿದ ಸಿಮೆಂಟ್ ಹಾಲು ಬಳಿದು ಮುಂದುವರಿಸಬೇಕು. ಎಲ್ಲಿ ನಿಲ್ಲಿಸಬೇಕು ಅಂತ ಇಂಜಿನಿಯರ್ ಕೈಯಿಂದ ಡ್ರಾಯಿಂಗಿನ ಮೇಲೆ ಈಗಲೇ ಗೆರೆ ಹಾಕಿಸಿಕೋ. ಒಂದು ಮೀಟರ್ ಮಾಲು ಉಳಿದರೆ ಉಳಿಯಲಿ ಪುಟ್ಟಿ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಟ್ಟೆಗೆ ಆಗುತ್ತದೆ.

ಇನ್ನೊಂದು. ಮೇಸ್ತ್ರಿ "ಸಾಲದು" ಅಂದರೆ ಚೀಟಿ ತೋರಿಸಬೇಡ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಇನ್ನೊಮ್ಮೆ ಎಣಿಸು.

ದಿನ ಗೊತ್ತಾದ ಕೂಡಲೇ ತಿಳಿಸು. ಹಿಂದಿನ ದಿನ ಇಂದ್ರಾಯಣಿ ರೈಲು ಹಿಡಿದು ಬರುತ್ತೇನೆ. ನನ್ನ ಹಳೆಯ 30 ಮೀಟರ್ ಟೇಪ್ ಈಗಲೂ ನೆಟ್ಟಗಿದೆ, ತರುತ್ತೇನೆ.

ನಿನ್ನ
ಮಾಮಾ