ಒಳ್ಳೆಯವಳಾಗಿರೋಕೆ ದೇವರು ಬೇಕಾ, ಮಗಳೇ?

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಓದಿದೆ. ದೇವರ ಮೇಲಿನ ನಂಬಿಕೆ ಹೋಗಿದೆ ಅಂತ ಬರೆದಿದ್ದೀಯ. ಅದರಿಂದ ನನಗೆ ಅಷ್ಟೇನೂ ಆಶ್ಚರ್ಯ ಆಗಲಿಲ್ಲ. ಚುಚ್ಚಿದ್ದು ಕೊನೆಯ ಸಾಲು. 'ಅಮ್ಮಾ, ಇನ್ನು ಮೇಲೆ ನನ್ನನ್ನು ನಂಬೋದು ನಿನಗೆ ಕಷ್ಟ ಆಗುತ್ತಾ?' ಅಂತ ಕೇಳಿದ್ದೀಯಲ್ಲ, ಅದು.

ಇಲ್ಲ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ಬಿಟ್ಟರೆ ಸುಮ್ನೆ ಸಮಾಧಾನಕ್ಕೆ ಹೇಳಿದಳು ಅಂದುಕೊಳ್ಳುತ್ತೀಯ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಾನು ದಿನಾ ಕೈಮುಗಿಯುವವಳು, ಅದು ನೆನಪಿರಲಿ.

ನಿನ್ನ ದೊಡ್ಡಪ್ಪನ ಮಾತು ಗೊತ್ತಲ್ಲ: 'ದೇವರ ಭಯ ಇಲ್ಲದವರು ಏನು ಮಾಡೋದಕ್ಕೂ ಹೇಸಲ್ಲ.' ಹೀಗೆ ಯೋಚಿಸುವವರು ಅವರೊಬ್ಬರೇ ಅಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದವರು 34 ದೇಶಗಳ ಜನರನ್ನು ಕೇಳಿ 2020ರಲ್ಲಿ ಒಂದು ವರದಿ ಹೊರತಂದರು. ನೀತಿವಂತರಾಗಿರಲು ದೇವರ ನಂಬಿಕೆ ಬೇಕೇ ಬೇಕು ಎಂದವರು ಇಂಡೋನೇಷ್ಯಾ ಮತ್ತು ಫಿಲಿಪ್ಪೀನ್ಸ್‌ನಲ್ಲಿ ನೂರಕ್ಕೆ 96 ಮಂದಿ. ಸ್ವೀಡನ್ನಿನಲ್ಲಿ 9. ಸ್ವೀಡನ್ನಿನವರೆಲ್ಲ ಕಳ್ಳರಾಗಿಬಿಟ್ಟಿದ್ದಾರೆ ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಇದರಿಂದ ದೊಡ್ಡ ವಾದವನ್ನೇನೂ ಕಟ್ಟಬೇಡ. ದುಡ್ಡು, ಓದು, ನೆಟ್ಟಗಿರುವ ಆಡಳಿತ ಎಲ್ಲವೂ ಅದರಲ್ಲಿ ಸೇರಿಕೊಂಡಿವೆ.

ನನಗೆ ಹೆಚ್ಚು ಕಾಡಿದ್ದು 2017ರ ಇನ್ನೊಂದು ಅಧ್ಯಯನ. 13 ದೇಶಗಳಲ್ಲಿ ಜನರಿಗೆ ಒಬ್ಬ ಕ್ರೂರಿಯ ಕಥೆ ಕೊಟ್ಟರು. ಚಿಕ್ಕವನಿದ್ದಾಗ ಪ್ರಾಣಿಗಳನ್ನು ಹಿಂಸಿಸಿದವನು, ದೊಡ್ಡವನಾದ ಮೇಲೆ ನೆಲೆಯಿಲ್ಲದವರನ್ನು ಕೊಂದವನು. ಇವನು ಯಾರಿರಬಹುದು ಎಂದು ಕೇಳಿದರೆ, ಜನರ ಮನಸ್ಸು ಆಸ್ತಿಕನಿಗಿಂತ ನಾಸ್ತಿಕನ ಕಡೆಗೇ ಜಾಸ್ತಿ ಓಡಿತು. ತಮಾಷೆ ಏನೆಂದರೆ ನಾಸ್ತಿಕರ ಮನಸ್ಸೂ ಅತ್ತಲೇ ಓಡಿತು! ನಿನ್ನ ಕೊನೆಯ ಸಾಲು ಎಲ್ಲಿಂದ ಬಂತು ಅಂತ ಆಗ ನನಗೆ ಅರ್ಥವಾಯಿತು. ನೀನು ದೇವರನ್ನು ಬಿಟ್ಟೆ, ದೊಡ್ಡಪ್ಪನ ಅನುಮಾನವನ್ನು ಬಿಡಲಿಲ್ಲ.

ಈ ಪ್ರಶ್ನೆ ತುಂಬಾ ಹಳೆಯದು. ಪ್ಲೇಟೋ ಬರೆದ ಒಂದು ಸಂಭಾಷಣೆಯಲ್ಲಿ ಸಾಕ್ರೆಟಿಸ್ ಇದನ್ನೇ ಕೇಳುತ್ತಾನೆ. ಊರು ನಂಬುವ ದೇವರುಗಳನ್ನು ಒಪ್ಪಲ್ಲ ಅಂತ ಅವನ ಮೇಲೆ ಕೇಸು ಬಿದ್ದಿದ್ದ ಕಾಲ ಅದು, ಕ್ರಿ.ಪೂ. 399. ನ್ಯಾಯಾಲಯದ ಹತ್ತಿರ ಅವನಿಗೆ ಯೂಥಿಫ್ರೋ ಎಂಬವನು ಸಿಗುತ್ತಾನೆ. ಅವನು ಸ್ವಂತ ಅಪ್ಪನ ಮೇಲೇ ಕೊಲೆಯ ಆರೋಪ ಹೊರಿಸಲು ಬಂದಿರುತ್ತಾನೆ. ದೇವರಿಗೆ ಯಾವುದು ಮೆಚ್ಚುಗೆ ಅನ್ನೋದು ತನಗೆ ಚೆನ್ನಾಗಿ ಗೊತ್ತು ಅನ್ನೋ ಧೈರ್ಯ ಅವನಿಗೆ. ಸಾಕ್ರೆಟಿಸ್ ಕೇಳುವುದು ಇಷ್ಟೇ: ದೇವರು ಮೆಚ್ಚಿದ್ದರಿಂದ ಒಂದು ಕೆಲಸ ಒಳ್ಳೆಯದಾಗುತ್ತದೋ, ಅಥವಾ ಒಳ್ಳೆಯದಾದ್ದರಿಂದ ದೇವರು ಅದನ್ನು ಮೆಚ್ಚುತ್ತಾನೋ?

ಎಲ್ಲರೂ ನೆನಪಿಟ್ಟುಕೊಳ್ಳುವುದು ಈ ಪ್ರಶ್ನೆಯನ್ನು. ನನ್ನ ಮನಸ್ಸು ಮಾತ್ರ ಆ ಕೇಸಿನಲ್ಲೇ ಸಿಕ್ಕಿಹಾಕಿಕೊಂಡಿತು. ನಡೆದದ್ದು ಹೀಗೆ. ಅವರ ಹೊಲದ ಕೂಲಿಯಾಳೊಬ್ಬ ಕುಡಿದ ಸಿಟ್ಟಿನಲ್ಲಿ ಮನೆಯ ಗುಲಾಮನೊಬ್ಬನನ್ನು ಕೊಂದುಬಿಟ್ಟ. ಯೂಥಿಫ್ರೋನ ಅಪ್ಪ ಆ ಕೂಲಿಯ ಕೈಕಾಲು ಕಟ್ಟಿಸಿ ಒಂದು ಗುಂಡಿಗೆ ಹಾಕಿಸಿದ. ಮುಂದೇನು ಮಾಡಬೇಕು ಅಂತ ಶಾಸ್ತ್ರ ಬಲ್ಲವರನ್ನು ಕೇಳಿಕೊಂಡು ಬರಲು ಆಥೆನ್ಸಿಗೆ ಆಳು ಕಳಿಸಿದ. ಆಮೇಲೆ ಗುಂಡಿಯ ಕಡೆ ತಿರುಗಿಯೂ ನೋಡಲಿಲ್ಲ. ಹೋದ ಆಳು ವಾಪಸ್ ಬರುವಷ್ಟರಲ್ಲಿ ಹಸಿವು, ಚಳಿ, ಕಟ್ಟಿದ ಹಗ್ಗ ಎಲ್ಲ ಸೇರಿ ಗುಂಡಿಯಲ್ಲಿದ್ದವನು ಸತ್ತಿದ್ದ.

ಆ ಅಪ್ಪನನ್ನು ಅಧರ್ಮಿ ಅಂತ ಕರೆಯೋದು ಹೇಗೆ ಹೇಳು? ಶಾಸ್ತ್ರ ಕೇಳದೆ ಹೆಜ್ಜೆ ಇಡಬಾರದು ಅಂದುಕೊಂಡ ಮನುಷ್ಯ. ಕೇಳಬೇಕಾದವರನ್ನೇ ಕೇಳಿಸಿದ. ಆದರೆ ಗುಂಡಿಯಲ್ಲಿದ್ದವನಿಗೆ ಒಂದು ತುತ್ತು ಅನ್ನ, ಮೈಮೇಲೊಂದು ಬಟ್ಟೆ ಬೇಕು ಅನ್ನೋದಕ್ಕೆ ಯಾವ ಶಾಸ್ತ್ರ ಬೇಕಿತ್ತು? ಅಪ್ಪನ ಮೇಲೆ ಕೇಸು ಹಾಕಿದ ಮಗನದೂ ಅದೇ ಕಥೆ. ಸತ್ತವನ ಬಗ್ಗೆ ಅವನ ಬಾಯಲ್ಲಿ ಅಯ್ಯೋ ಅನ್ನುವ ಒಂದು ಮಾತಿಲ್ಲ. ಅವನ ಚಿಂತೆಯೆಲ್ಲ ಕೊಲೆಯ ಮೈಲಿಗೆ ತನಗೂ ತಟ್ಟುತ್ತದಲ್ಲ ಅನ್ನೋದು.

ಇನ್ನು ಆ ಪ್ರಶ್ನೆಗೆ ನನ್ನ ಉತ್ತರ. ದೇವರು ಹೇಳಿದ್ದರಿಂದಲೇ ಒಳ್ಳೆಯದು ಅನ್ನೋದಾದರೆ, ನಾಳೆ ಅವನು ಮಗುವನ್ನು ಕೊಲ್ಲು ಅಂದರೆ ಅದೂ ಒಳ್ಳೆಯದೇ ಆಗಬೇಕು. 'ದೇವರು ಹಾಗೆಲ್ಲ ಹೇಳಲ್ಲ' ಅಂತ ನಾನೂ ಥಟ್ಟನೆ ಹೇಳುತ್ತೇನೆ. ಹೇಳಿದ ಮೇಲೆ ಸಿಕ್ಕಿಬೀಳುತ್ತೇನೆ. ಅವನು ಹೇಳಲ್ಲ ಅಂತ ನನಗೆ ಇಷ್ಟು ಗಟ್ಟಿಯಾಗಿ ಗೊತ್ತಿರೋದು ಹೇಗೆ? ಕೊಲ್ಲೋದು ಕೆಟ್ಟದ್ದು ಅಂತ ಅವನನ್ನು ಕೇಳುವ ಮೊದಲೇ ಗೊತ್ತಿರೋದರಿಂದ. ಮಗನನ್ನು ಬಲಿಕೊಡು ಎಂಬ ದನಿ ಅಬ್ರಹಾಮನಿಗೆ ಕೇಳಿಸಿದ ಕಥೆ ಇದೆಯಲ್ಲ, ಅದರ ಬಗ್ಗೆ ಜರ್ಮನ್ ತತ್ವಜ್ಞಾನಿ ಕಾಂಟ್ 1798ರಲ್ಲಿ ಬರೆದದ್ದು ನನಗೆ ಇಷ್ಟ. 'ಮಗನನ್ನು ಕೊಲ್ಲಬಾರದು ಅನ್ನೋದು ನನಗೆ ಖಚಿತ. ಮಾತಾಡುತ್ತಿರುವ ನೀನು ದೇವರು ಅನ್ನೋದು ಖಚಿತವಿಲ್ಲ' ಎಂಬರ್ಥದಲ್ಲಿ ಅಬ್ರಹಾಮ ಉತ್ತರಿಸಬೇಕಿತ್ತು ಅನ್ನುತ್ತಾನೆ ಅವನು. ಕಾಂಟ್ ನಾಸ್ತಿಕನಲ್ಲ, ನೆನಪಿಟ್ಟುಕೋ.

ನಮ್ಮ ಬಸವಣ್ಣನವರ ಪ್ರಸಿದ್ಧ ವಚನವನ್ನೂ ಈ ಕಣ್ಣಿನಿಂದ ಇನ್ನೊಮ್ಮೆ ನೋಡು. ಕದಿಯಬೇಡ, ಕೊಲ್ಲಬೇಡ ಎಂದು ಶುರುವಾಗುತ್ತದೆ. ದೇವರು ಬರೋದು ಕೊನೆಗೆ, ಅವನನ್ನು ಒಲಿಸುವ ದಾರಿ ಇದೇ ಎಂದು ಹೇಳುವಾಗ. ಅಪ್ಪಣೆ ಕೊಡುವವನ ಜಾಗದಲ್ಲಿ ದೇವರನ್ನು ಕೂರಿಸಿಲ್ಲ ಅವರು. ಬುದ್ಧ, ಮಹಾವೀರರಂತೂ ಸೃಷ್ಟಿಕರ್ತನ ಸಹಾಯವೇ ಇಲ್ಲದೆ ಅಹಿಂಸೆ ಹೇಳಿಕೊಟ್ಟರು.

ಧರ್ಮಗ್ರಂಥ ಇದ್ದರೆ ಗೊಂದಲ ಇರಲ್ಲ ಅನ್ನೋದೂ ಸುಳ್ಳು. 1783ರಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಗುಲಾಮರ ವ್ಯಾಪಾರ ನಿಲ್ಲಿಸಿ ಎಂದು ಬ್ರಿಟಿಷ್ ಸಂಸತ್ತಿಗೆ ಮನವಿ ಕೊಟ್ಟರು. ಅವರ ಕೈಯಲ್ಲಿದ್ದದ್ದು ಬೈಬಲ್. ಗುಲಾಮರನ್ನು ಇಟ್ಟುಕೊಂಡವರ ಕೈಯಲ್ಲಿದ್ದದ್ದೂ ಅದೇ. ಆಳುಗಳು ಯಜಮಾನನ ಮಾತು ಕೇಳಬೇಕು ಅನ್ನೋ ಸಾಲನ್ನು ಇವರು ಆರಿಸಿಕೊಂಡರು. ಆರಿಸಿದ್ದು ಮನುಷ್ಯರೇ ಅಲ್ವಾ?

ಹಾಗಾದರೆ ಈ ಒಳ್ಳೆತನ ಶುರುವಾಗೋದು ಎಲ್ಲಿಂದ? ಸ್ವಲ್ಪ ಮಟ್ಟಿಗೆ ಹುಟ್ಟಿನಿಂದಲೇ ಬರುತ್ತದೆ ಅಂತ ಕಾಣುತ್ತದೆ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ವಾರ್ನೆಕೆನ್ ಮತ್ತು ಟೊಮಸೆಲ್ಲೋ ಎಂಬ ಇಬ್ಬರು ಮಾಡಿದ್ದು. ಒಂದೂವರೆ ವರ್ಷದ ಮಗು, ಇನ್ನೂ ಮಾತೇ ಸರಿಯಾಗಿ ಬಾರದು. ಗುರುತಿಲ್ಲದ ಮನುಷ್ಯನೊಬ್ಬ ಎರಡೂ ಕೈತುಂಬ ಪತ್ರಿಕೆಗಳನ್ನು ಹಿಡಿದುಕೊಂಡು ಬಂದು ಮುಚ್ಚಿದ ಕಪಾಟಿನ ಬಾಗಿಲಿಗೆ ಢಿಕ್ಕಿ ಹೊಡೆಯುತ್ತಾನೆ. ಮಗು ನೋಡುತ್ತದೆ, ಪುಟಪುಟನೆ ಹೋಗಿ ಬಾಗಿಲು ತೆಗೆಯುತ್ತದೆ. ಯಾರೂ ಹೇಳಿಲ್ಲ, ಬಹುಮಾನವಿಲ್ಲ. ಇನ್ನೊಂದು ಸಲ ಅದೇ ಮನುಷ್ಯನ ಕೈಯಿಂದ ಬಟ್ಟೆಗೆ ಹಾಕುವ ಕ್ಲಿಪ್ಪು ಜಾರಿ ಬೀಳುತ್ತದೆ. ಮಗು ಎತ್ತಿಕೊಡುತ್ತದೆ. ಅವನೇ ಬೇಕಂತ ಎಸೆದಾಗ ಹೆಚ್ಚಾಗಿ ಸುಮ್ಮನಿರುತ್ತದೆ. ಯಾರಿಗೆ ಯಾವಾಗ ಸಹಾಯ ಬೇಕು ಅನ್ನೋದು ಆ ವಯಸ್ಸಿಗೇ ತಿಳಿಯುತ್ತದೆ ನೋಡು, ದೇವರು ಅನ್ನೋ ಪದ ಕಲಿಯುವ ಮೊದಲೇ.

ಹಾಗಂತ ಆ ಮಗು ಸಂತ ಅಲ್ಲ. ಅರ್ಧ ಗಂಟೆ ಬಿಟ್ಟು ಪಕ್ಕದ ಮಗುವಿನ ಆಟಿಕೆ ಕಿತ್ತುಕೊಳ್ಳುತ್ತದೆ. ಕಣ್ಣೆದುರು ಇರುವವರ ಮೇಲೆ ಕರುಣೆ ಸುಲಭ. ಎಂದೂ ನೋಡದವರ ಪಾಲನ್ನು ಅವರಿಗೆ ಬಿಟ್ಟುಕೊಡೋದು ಕಷ್ಟ. ಇಲ್ಲಿ ನಿನ್ನ ದೊಡ್ಡಪ್ಪನ ಮಾತಿನಲ್ಲಿ ಹುರುಳಿದೆ, ಒಪ್ಪಿಕೋ. 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ ಎಂಟು ಸಮುದಾಯಗಳ 591 ಜನರಿಗೆ ಒಂದು ಆಟ ಆಡಿಸಿದರು. 30 ನಾಣ್ಯ, ಎರಡು ಬಟ್ಟಲು, ಒಂದು ದಾಳ. ಒಂದು ಬಟ್ಟಲು ದೂರದ ಅಪರಿಚಿತರದು, ಇನ್ನೊಂದು ತನ್ನದು ಅಥವಾ ತನ್ನೂರಿನವರದು. ಯಾವ ಬಟ್ಟಲು ಅಂತ ಮನಸ್ಸಿನಲ್ಲೇ ಅಂದುಕೊಂಡು ದಾಳ ಹಾಕಬೇಕು. ಅಂದುಕೊಂಡ ಬಟ್ಟಲಿಗೋ ಇನ್ನೊಂದಕ್ಕೋ, ದಾಳ ಹೇಳಿದಂತೆ ನಾಣ್ಯ ಹಾಕಬೇಕು. ಮೋಸ ಮಾಡಿದರೆ ಯಾರಿಗೂ ಗೊತ್ತಾಗಲ್ಲ. ಎಲ್ಲವನ್ನೂ ನೋಡುವ, ತಪ್ಪಿಗೆ ಶಿಕ್ಷಿಸುವ ದೇವರನ್ನು ಹೆಚ್ಚು ನಂಬಿದವರು ದೂರದ ಅಪರಿಚಿತರ ಬಟ್ಟಲಿಗೆ ಹೆಚ್ಚು ನಾಣ್ಯ ಹಾಕಿದರು. ಆದರೆ ಆ ಅಪರಿಚಿತರು ಅವರದೇ ಧರ್ಮದವರು. ಬೇರೆಯವರ ವಿಷಯ ಇದರಿಂದ ತಿಳಿಯಲ್ಲ.

ಹಾಗಾಗಿ ನಂಬಿಕೆ ಕೆಲಸ ಮಾಡುತ್ತದೆ, ನಿಜ. ಆದರೆ ನಂಬಿಕೆ ಒಂದೇ ಸಾಲದು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ಹುಡುಗರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1973ರಲ್ಲಿ ಬಂತು. ಭಾಷಣ ಮಾಡಲು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಬೇಕು. ಕೆಲವರ ಭಾಷಣದ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಳಿಸಿದ ಬೈಬಲಿನ ಒಳ್ಳೆಯ ಸಮಾರ್ಯದವನ ಕಥೆಯೇ. ಹೋಗುವ ದಾರಿಯಲ್ಲಿ ಒಬ್ಬ ಬಾಗಿಲ ಬಳಿ ತಲೆ ತಗ್ಗಿಸಿ, ಕೆಮ್ಮುತ್ತಾ ನರಳುತ್ತಾ ಕುಸಿದು ಕೂತಿದ್ದ. ಸಮಯ ಇದೆ ಅಂದುಕೊಂಡವರಲ್ಲಿ ನೂರಕ್ಕೆ 63ರಷ್ಟು ಜನ ಸಹಾಯ ಮಾಡಿದರು. ತಡವಾಯಿತು ಅಂತ ಅವಸರಪಡಿಸಿದವರಲ್ಲಿ ನೂರಕ್ಕೆ 10. ಅದೇ ಕಥೆ ಹೇಳಲು ಹೊರಟವರು ಕೂಡ ಅವನನ್ನು ದಾಟಿಕೊಂಡು ಹೋದರು. ನಿನಗೆ ನಂಬಿಕೆ ಇಲ್ಲ ಅನ್ನೋದಕ್ಕಿಂತ ನಿನಗೆ ಯಾವಾಗಲೂ ಪುರಸೊತ್ತಿಲ್ಲ ಅನ್ನೋದೇ ನನಗೆ ಜಾಸ್ತಿ ಭಯ.

ಮತ್ತೆ ನೀನೇಕೆ ಕೈಮುಗಿಯುತ್ತೀಯ ಅಂತ ಕೇಳುತ್ತೀಯ. ಕದಿಯದೆ ಇರೋಕಂತೂ ಅಲ್ಲ. ಎದೆ ಭಾರವಾದಾಗ ಹೇಳಿಕೊಳ್ಳೋಕೆ, ಸಂತೋಷವಾದಾಗ ಯಾರಿಗೋ ಥ್ಯಾಂಕ್ಸ್ ಹೇಳಬೇಕು ಅನ್ನಿಸೋದಕ್ಕೆ. ಅದನ್ನು ವಾದ ಮಾಡಿ ಗೆಲ್ಲೋ ಆಸೆ ನನಗಿಲ್ಲ. ನೀನೂ ನನ್ನ ಮೇಲೆ ಗೆಲ್ಲೋಕೆ ಬರಬೇಡ.

ಒಂದು ಮಾತ್ರ ಹೇಳಲೇಬೇಕು. ದೇವರನ್ನು ಬಿಟ್ಟ ಮಾತ್ರಕ್ಕೆ ಯಾರೂ ಜಾಣರಾಗಲ್ಲ, ಕರುಣೆಯೂ ತಾನಾಗಿ ಬರಲ್ಲ. ದೇವರನ್ನು ಆಚೆಗಟ್ಟಿದ ಸೋವಿಯತ್ ಒಕ್ಕೂಟದ ಸ್ಟಾಲಿನ್ ಆಡಳಿತದಲ್ಲಿ 1937 ಮತ್ತು 1938, ಈ ಎರಡೇ ವರ್ಷಗಳಲ್ಲಿ, ಅವರದೇ ದಾಖಲೆಗಳ ಪ್ರಕಾರ 6,80,000ಕ್ಕೂ ಹೆಚ್ಚು ಜನರಿಗೆ ಮರಣದಂಡನೆಯಾಯಿತು. ಖಾಲಿಯಾದ ಪೀಠದಲ್ಲಿ ಕಮ್ಯುನಿಸ್ಟ್ ಪಕ್ಷ ಬಂದು ಕೂತಿತು. ಅದೂ ಪ್ರಶ್ನೆ ಕೇಳಬೇಡ ಅಂತಲೇ ಹೇಳಿತು.

ನಂಬುವವರಿಗೆ ಒಂದು ಅನುಕೂಲ ಇದೆ, ನಿನಗಿಲ್ಲ. ಅವರು ಆಗಾಗ ಒಂದು ಕಡೆ ಸೇರುತ್ತಾರೆ. ಯಾರು ಬಂದಿಲ್ಲ ಅಂತ ವಿಚಾರಿಸುತ್ತಾರೆ. ಕಾಯಿಲೆ ಬಿದ್ದವರ ಮನೆಗೆ ಯಾರು ಹೋಗಬೇಕು ಅನ್ನೋದು ಅಲ್ಲಿ ತಾನಾಗಿ ತೀರ್ಮಾನವಾಗುತ್ತದೆ. ದಾರಿ ತಪ್ಪಿದರೆ ಹಿರಿಯರೊಬ್ಬರು ಕರೆದು ಗದರುತ್ತಾರೆ. ಅದರಲ್ಲಿ ಕಿರಿಕಿರಿಯೂ ಇದೆ, ಒಪ್ಪುತ್ತೇನೆ. ಆದರೆ ಒಂಟಿಯಾಗಿ ಕೂತು ಒಳ್ಳೆಯವಳಾಗಿರೋದು ಬಹಳ ಕಷ್ಟದ ಕೆಲಸ. ನಮ್ಮ ತಪ್ಪು ನಮಗೆ ಕೊನೆಗೆ ಕಾಣೋದು, ಬೇರೆಯವರಿಗೆ ಮೊದಲು ಕಾಣೋದು.

ಅದಕ್ಕೇ ಕೇಳುತ್ತಿದ್ದೇನೆ. ನೀನು ಮಾಡಿದ್ದು ತಪ್ಪು ಅಂತ ನಿನ್ನ ಮುಖಕ್ಕೇ ಹೇಳುವವರು ಅಲ್ಲಿ ಯಾರಿದ್ದಾರೆ? ನೀನು ಮುನಿಸಿಕೊಂಡರೂ ಪರವಾಗಿಲ್ಲ ಅಂತ ಹೇಳುವವರು. ಮುಂದಿನ ಕಾಗದದಲ್ಲಿ ಅವರ ಹೆಸರು ಬರೆ. ನನ್ನ ಹೆಸರು ಸೇರಿಸಬೇಡ. ನಾನು ನಿನ್ನ ಅಮ್ಮ, ನಿನ್ನ ಪರವಾಗಿಯೇ ಮಾತಾಡುತ್ತೇನೆ.

ಇಂತಿ ನಿನ್ನ
ಅಮ್ಮ