ಯಾವ ವಿನೆಗರ್ ಎಂಬುದನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಬೆಳ್ಳುಳ್ಳಿ, ಶುಂಠಿ, ಹಸಿ ಅರಿಶಿನ, ಈರುಳ್ಳಿ, ಮೆಣಸಿನಕಾಯಿಗಳನ್ನು ವಿನೆಗರ್‌ನಲ್ಲಿ ಮೂರು-ನಾಲ್ಕು ವಾರ ನೆನೆಸಿ, ಸೋಸಿ, ಜೇನು ಬೆರೆಸಿ, ನೆಗಡಿ ತಡೆಯುತ್ತದೆಂದು ಕುಡಿಯುವ ಅಮೆರಿಕದ ‘ಫೈರ್ ಸೈಡರ್’ ಪದ್ಧತಿ ಈಗ ಗೋವಾದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲೂ ಹರಿದಾಡುತ್ತಿದೆ. ಯಾವ ವಿನೆಗರ್ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅಗ್ಗದ ಬಿಳಿ ವಿನೆಗರ್ ಬಾಟಲಿಯನ್ನು ತಿರುಗಿಸಿ ನೋಡಿದರೆ ‘ಸಿಂಥೆಟಿಕ್’ ಎಂಬ ಪದ ಕಾಣುತ್ತದೆ. ಅದು ಹುದುಗಿಸಿದ್ದಲ್ಲ, ಅಸೆಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು. ಹಾಗೆಂದು ದುಬಾರಿ ಆಪಲ್ ಸೈಡರ್ ವಿನೆಗರ್‌ಗೇ ಹಣ ಸುರಿಯಬೇಕಿಲ್ಲ. ತೆಂಗಿನ ಕಳ್ಳನ್ನು ಹುಳಿಸಿ ಮಾಡುವ, ವಿಂದಾಲೂ ಎಂಬ ಖಾರದ ಮಾಂಸದಡುಗೆಗೆ ಬಳಸುವ ಗೋವಾದ ವಿನೆಗರ್ ಇಲ್ಲಿಯೇ ಸಿಗುತ್ತದೆ. ಆದರೆ ಹಸಿ ಬೆಳ್ಳುಳ್ಳಿಯನ್ನು ವಾರಗಟ್ಟಲೆ ಇಡುವುದರಿಂದ ಹುಳಿ ಸಾಲದಿದ್ದರೆ ಅಪಾಯವುಂಟು, ಆದ್ದರಿಂದ ಶೇ. 5ರಷ್ಟು ಆಮ್ಲೀಯತೆಯೆಂದು ಲೇಬಲ್‌ನಲ್ಲಿ ನಮೂದಿಸಿದ ಬಾಟಲಿಯೇ ಲೇಸು.

ಗಾಜಿನ ಭರಣಿಗೆ ತಗಡಿನ ಮುಚ್ಚಳ ಹಾಕಿದರೆ ವಿನೆಗರ್‌ನ ಆವಿಗೆ ಅದು ತುಕ್ಕು ಹಿಡಿದು ಕಂದು ನೀರು ಒಳಗಿಳಿಯುತ್ತದೆ. ನಡುವೆ ಬಟರ್ ಪೇಪರ್ ಇಡಬೇಕು. ಒಂದು ಚಮಚವನ್ನು ಲೋಟ ನೀರಿಗೆ ಬೆರೆಸಿಯೇ ಕುಡಿಯಬೇಕು, ಇಲ್ಲವಾದರೆ ಹಲ್ಲಿನ ಎನಾಮಲ್ ಸವೆಯುತ್ತದೆ. ಇದು ನೆಗಡಿಯನ್ನು ತಡೆಯುತ್ತದೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ; ರುಚಿಗೆ ಕುಡಿಯಲು ಅಡ್ಡಿಯೇನೂ ಇಲ್ಲ. ಹುಳಿತೇಗು, ಎದೆಯುರಿ ಇರುವವರು ಹಾಗೂ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಬೇಕು. ಜೇನು ಬೆರೆತದ್ದನ್ನು 1 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ತಮ್ಮ ಅಡುಗೆ ಅಂಕಣದಲ್ಲಿ ಇಂಥ ವಿಧಾನಗಳನ್ನು ಪ್ರಕಟಿಸುವಾಗ ಈ ವಿವರಗಳಿಗೂ ಜಾಗ ಕೊಡಬೇಕೆಂದು ವಿನಂತಿ.

– ಒಬ್ಬ ಓದುಗ, ಮಡಗಾಂವ್, ಗೋವಾ