ಕರಿ ಕೋಟು ತೆಗೆದಿಟ್ಟ ಮೇಲೆ ಸಿಕ್ಕವರಿಗೆ

ಈ ತಿಂಗಳಿಂದ ನಾನು ನಮ್ಮ ಕಂಪನಿಯ ಕಾನೂನು ವಿಭಾಗದ ಮುಖ್ಯಸ್ಥೆ. ಸುದ್ದಿ ತಿಳಿದು ಫೋನ್ ಮಾಡಿದ, ಮೆಸೇಜ್ ಹಾಕಿದ ಎಲ್ಲರಿಗೂ ಮೊದಲು ನಮಸ್ಕಾರ. ನನಗೆ ಗೊತ್ತಿಲ್ಲದ್ದನ್ನು ಕೇಳಿದಾಗ ಹೇಳಿಕೊಟ್ಟ ಒಂದಷ್ಟು ಜನ ಇದ್ದಾರೆ. ಅವರಿಲ್ಲದೆ ಈ ಕುರ್ಚಿ ನನಗೆ ಸಿಗುತ್ತಿರಲಿಲ್ಲ. ಅವರಿಗೆ ಎಲ್ಲರೆದುರು ಧನ್ಯವಾದ ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ನಮ್ಮ ಕೆಲಸದಲ್ಲಿ ಹೆಸರು ಬರೆದರೆ ಕಂಪನಿ ಗೊತ್ತಾಗುತ್ತದೆ, ಕಂಪನಿ ಗೊತ್ತಾದರೆ ಕೇಸೂ ಗೊತ್ತಾಗುತ್ತದೆ. ಓದಿದಾಗ ಇದು ತಮ್ಮ ಬಗ್ಗೆಯೇ ಅಂತ ಅವರಿಗೆ ತಿಳಿದರೆ ಸಾಕು.

ನಾನು ದಾವಣಗೆರೆ ಕೋರ್ಟಿನಲ್ಲಿ ಕೆಲಸ ಕಲಿತವಳು. ಅಲ್ಲಿ ಏನಾದರೂ ಸಂದೇಹ ಬಂದರೆ ಬಾರ್ ರೂಮಿಗೆ ಹೋದರಾಯಿತು. ಚಹಾ ಬರುವಷ್ಟರಲ್ಲಿ ಯಾವ ಕಲಂ, ಯಾವ ತೀರ್ಪು, ಯಾವ ಗುಮಾಸ್ತರನ್ನು ಹಿಡಿಯಬೇಕು, ಎಲ್ಲ ಗೊತ್ತಾಗುತ್ತಿತ್ತು. ಈಗಿನ ಕಂಪನಿಗೂ ಮೊದಲು ಬೆಂಗಳೂರಿನ ಪೀಣ್ಯದ ಒಂದು ಕಂಪನಿ ಸೇರಿದೆ. ಆಮೇಲೆ ಅದೆಲ್ಲ ತಪ್ಪಿಹೋಯಿತು. ಸಂಬಳಕ್ಕೆ ಪೂರ್ತಿ ಸಮಯದ ನೌಕರಿಗೆ ಸೇರಿದ ವಕೀಲರು ವಕೀಲಿ ಮಾಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ 49 ಹಾಗೆ ಹೇಳುತ್ತದೆ. ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಸಸ್ಪೆಂಡ್ ಮಾಡಿಸಿಕೊಳ್ಳಬೇಕು. ನೋಡುವವರಿಗೆ ಅದೊಂದು ಅರ್ಜಿ ಅಷ್ಟೆ. ನನಗೆ ಮಾತ್ರ ತವರು ಬಿಟ್ಟು ಹೊರಟ ಹಾಗಾಗಿತ್ತು. ಪೀಣ್ಯದ ಆ ಕಾರ್ಖಾನೆಯಲ್ಲಿ ನಾನೊಬ್ಬಳೇ ಲಾಯರ್. ಎಲ್ಲರೂ ನನ್ನ ಟೇಬಲ್ಲಿಗೆ ಬಂದು ಕೇಳೋರು. ನಾನು ಯಾರನ್ನು ಕೇಳಬೇಕು?

ಮೊದಲ ಧನ್ಯವಾದ ದಾವಣಗೆರೆಯ ನನ್ನ ಸೀನಿಯರ್ ಸರ್‌ಗೆ. ಸನ್ನದಿನ ವಿಷಯ ಹೇಳಲು ಹೋದಾಗ ಅವರು ಬೇಸರ ಮಾಡಿಕೊಳ್ಳಲಿಲ್ಲ. "ಕೋರ್ಟ್ ಬಿಟ್ಟರೂ ನಮ್ಮ ಆಫೀಸ್ ಬಿಡಬೇಡಮ್ಮ. ಸಂಜೆ ಏಳರ ಮೇಲೆ ಯಾವಾಗ ಬೇಕಾದ್ರೂ ಫೋನ್ ಮಾಡು" ಅಂದರು. ನಾನು ಮಾಡಿದೆ, ಈಗಲೂ ಮಾಡುತ್ತೇನೆ. ಆಸ್ತಿ ಪತ್ರದಲ್ಲಿ ಒಂದು ಚಕ್ಕುಬಂದಿ ಹೊಂದದಿದ್ದರೂ ಅವರಿಗೆ ಅದು ಕಣ್ಣಿಗೆ ಬೀಳುತ್ತದೆ.

ಈಗ ಕಾರ್ಖಾನೆಯ ಒಳಗಿನವರು. ಕಂಪನಿ ಲಾಯರ್‌ಗಳು ಪರಿಚಯ ಬೆಳೆಸಿಕೊಳ್ಳಬೇಕು ಅಂದ ತಕ್ಷಣ ಎಲ್ಲರೂ ಹೊರಗಡೆಯ ಸಭೆ, ವಿಸಿಟಿಂಗ್ ಕಾರ್ಡ್ ಬಗ್ಗೆ ಮಾತಾಡುತ್ತಾರೆ. ನನ್ನ ಅನುಭವದಲ್ಲಿ ಮೊದಲು ಪರಿಚಯ ಮಾಡಿಕೊಳ್ಳಬೇಕಾದ್ದು ಸ್ಟೋರ್ಸ್ ಮತ್ತು ಅಕೌಂಟ್ಸ್‌ನವರನ್ನು. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಪೀಣ್ಯದಲ್ಲೇ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಒಬ್ಬ ಸಪ್ಲೈಯರ್, ನಮ್ಮಿಂದ ಹಣ ಬಂದಿಲ್ಲ ಅಂತ ಸಣ್ಣ ಉದ್ದಿಮೆಗಳ ಬಾಕಿ ಹಣದ ತಕರಾರು ಬಗೆಹರಿಸುವ ಸರ್ಕಾರಿ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಟ್ಟರು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ, ಅಂದರೆ ಎಂಎಸ್‌ಎಂಇಡಿ ಕಾಯ್ದೆ ಈ ವಿಷಯದಲ್ಲಿ ಬಹಳ ಬಿಗಿ. ಒಪ್ಪಂದದಲ್ಲಿ ಏನೇ ಬರೆದುಕೊಂಡಿರಲಿ, ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಕೌನ್ಸಿಲ್ ಆದೇಶದ ವಿರುದ್ಧ ಕೋರ್ಟಿಗೆ ಹೋಗಬೇಕೆಂದರೆ ಖರೀದಿದಾರರು ಮೊದಲು ಮೊತ್ತದ ಶೇಕಡಾ 75ರಷ್ಟು ಠೇವಣಿ ಇಡಬೇಕು. ಮಾಲು ಕೆಟ್ಟದ್ದು ಅಂತ ನಮ್ಮ ಪರ್ಚೇಸ್‌ನವರು ಹೇಳುತ್ತಿದ್ದರು. ಬಾಯಿಮಾತು ಅಲ್ಲಿ ನಡೆಯುವುದಿಲ್ಲ. ಮಾಲು ತಲುಪಿದ 15 ದಿನದೊಳಗೆ ಲಿಖಿತವಾಗಿ ತಕರಾರು ಹೇಳಿರಬೇಕು. ಇಲ್ಲದಿದ್ದರೆ ಮಾಲು ಬಂದ ದಿನವೇ ಒಪ್ಪಿಕೊಂಡಂತೆ.

ಸ್ಟೋರ್ಸ್ ಅಣ್ಣನ ಹತ್ತಿರ ಹೋದೆ. ಅವರು ಇನ್‌ವರ್ಡ್ ರಿಜಿಸ್ಟರ್ ತೆಗೆದರು. ಅದರ ಜೊತೆಗೆ ಪಿನ್ ಮಾಡಿಟ್ಟ ರಿಜೆಕ್ಷನ್ ನೋಟ್ ಸಿಕ್ಕಿತು. ಮಾಲು ವಾಪಸ್ ಒಯ್ದ ಡ್ರೈವರ್ ಸಹಿ ಮತ್ತು ತಾರೀಖು ಎರಡೂ ಇತ್ತು. ಯಾರೂ ಹೇಳದಿದ್ದರೂ ವರ್ಷಗಟ್ಟಲೆ ಅವರು ಹೀಗೆ ಜೋಡಿಸಿಟ್ಟಿದ್ದರು. ಅಕೌಂಟ್ಸ್ ಮೇಡಂ ಒಂದೊಂದೇ ಬಿಲ್ಲಿಗೆ ಬಡ್ಡಿ ಲೆಕ್ಕ ಹಾಕಿ ಕೊಟ್ಟರು. "ಈ ಬಡ್ಡಿಯನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸೋಕೂ ಆಗಲ್ಲ, ಗೊತ್ತಾ?" ಅಂದರು. ಆ ಒಂದು ಮಾತನ್ನು ಆಡಳಿತ ಮಂಡಳಿಯ ಮುಂದೆ ಇಟ್ಟಾಗಲೇ ರಾಜಿಗೆ ಒಪ್ಪಿಗೆ ಸಿಕ್ಕಿದ್ದು. ವಾಪಸ್ ಹೋದ ಮಾಲಿನ ಬಾಬ್ತು ಬಿಟ್ಟು, ಉಳಿದದ್ದಕ್ಕೆ ಬಡ್ಡಿ ಸಮೇತ ಹಣ ಕೊಟ್ಟೆವು. ಕೌನ್ಸಿಲ್‌ನ ಸಂಧಾನದಲ್ಲೇ ವಿಷಯ ಮುಗಿಯಿತು.

ಆ ಸಪ್ಲೈಯರ್‌ಗೂ ಇಲ್ಲೇ ಕೈ ಮುಗಿಯುತ್ತೇನೆ. ಎದುರು ಪಕ್ಷದಲ್ಲಿ ಕೂತಿದ್ದಾಗಲೂ ಅವರು ಒಂದು ಒರಟು ಮಾತಾಡಲಿಲ್ಲ. ಆಮೇಲೆ ಪೀಣ್ಯದ ಎಷ್ಟೋ ಸಣ್ಣ ಉದ್ದಿಮೆದಾರರಿಗೆ ನನ್ನ ಬಗ್ಗೆ ಅವರೇ ಹೇಳಿದರು. "ಮೇಡಂ ಕಾಗದ ನೋಡಿ ಮಾತಾಡ್ತಾರೆ, ನೇರ ಹೋಗಿ ಕೇಳಿ." ನನ್ನ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ಯಾರೂ ಹೇಳಿಲ್ಲ.

ಇಂಗ್ಲಿಷ್ ಡ್ರಾಫ್ಟಿಂಗ್‌ನಲ್ಲಿ ನನ್ನ ಕೈ ಹಿಡಿದವರು ನಮ್ಮ ಕಂಪನಿ ಸೆಕ್ರೆಟರಿ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನನ್ನ ಮೊದಲ ಒಪ್ಪಂದಗಳನ್ನು ಅವರು ಕೆಂಪು ಪೆನ್ನಲ್ಲಿ ತಿದ್ದಿ, ಪಕ್ಕದಲ್ಲಿ ಕಾರಣವನ್ನೂ ಬರೆದು ಕೊಡುತ್ತಿದ್ದರು. ಒಂದು ದಿನವೂ ನಾಲ್ಕು ಜನರ ಮುಂದೆ ತಿದ್ದಲಿಲ್ಲ.

ಸಿಟಿ ಸಿವಿಲ್ ಕೋರ್ಟಿನ ಒಬ್ಬ ಯುವ ವಕೀಲರ ಋಣ ಬೇರೆ ರೀತಿಯದು. ಅವರು ನಮ್ಮ ಕಂಪನಿಯ ವಕೀಲರಲ್ಲ. ಹಿಂದೊಮ್ಮೆ ಪರ್ಚೇಸ್ ಆರ್ಡರ್ ಹಿಂಬದಿಯ ಷರತ್ತುಗಳನ್ನು ಹೇಗೆ ಓದಬೇಕು ಅಂತ ಕೇಳಿದ್ದರು. ಕೂತು ಹೇಳಿಕೊಟ್ಟಿದ್ದೆ, ಅಷ್ಟೇ ಪರಿಚಯ. ಒಂದು ಬೆಳಿಗ್ಗೆ ಅವರಿಂದ ಫೋನ್: "ಮೇಡಂ, ಕಾಸ್ ಲಿಸ್ಟ್‌ನಲ್ಲಿ ನಿಮ್ಮ ಕಂಪನಿ ಹೆಸರಲ್ಲಿ ಒಂದು ಕಾಮ್ ಓ.ಎಸ್. ಇದೆ. ಯಾರೂ ವಕಾಲತ್ತು ಹಾಕಿಲ್ಲ." ಕಾಸ್ ಲಿಸ್ಟ್ ಅಂದರೆ ಆ ದಿನ ಕೋರ್ಟಿನ ಮುಂದೆ ಬರುವ ಕೇಸುಗಳ ಪಟ್ಟಿ, ಕಾಮ್ ಓ.ಎಸ್. ಅಂದರೆ ವಾಣಿಜ್ಯ ದಾವೆ. ಸಮನ್ಸು ನಾವು ಬಿಟ್ಟಿದ್ದ ಹಳೆಯ ಕಚೇರಿಗೆ ಹೋಗಿತ್ತು. ವಾಣಿಜ್ಯ ದಾವೆಯಲ್ಲಿ ಸಮನ್ಸು ಜಾರಿಯಾದ 120 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ಪ್ರತಿವಾದಿಯ ಉತ್ತರ, ಸಲ್ಲಿಸದಿದ್ದರೆ ಆ ಹಕ್ಕೇ ಹೋಗುತ್ತದೆ. ನ್ಯಾಯಾಧೀಶರಿಗೂ ಅದರ ಮೇಲೆ ಸಮಯ ಕೊಡುವ ಅಧಿಕಾರವಿಲ್ಲ. ಆ ಫೋನ್ ಬಂದಿದ್ದರಿಂದ ನಮ್ಮ ಹೇಳಿಕೆ ಗಡುವಿನೊಳಗೆ ಫೈಲ್ ಆಯಿತು. ಅಂದು ಫೈಲಿಂಗ್ ಕೌಂಟರ್‌ನಲ್ಲಿ ಆಕ್ಷೇಪಣೆಗಳನ್ನೆಲ್ಲ ಅಲ್ಲೇ ಸರಿಪಡಿಸಿಕೊಟ್ಟ ನಮ್ಮ ವಕೀಲರ ಗುಮಾಸ್ತರಿಗೂ ಧನ್ಯವಾದ. ಅವರಿಗೆ ಯಾರೂ ಸನ್ಮಾನ ಮಾಡುವುದಿಲ್ಲ, ಅಲ್ವಾ? ಕಂಪನಿಗಳ ಎಷ್ಟೋ ಕೇಸುಗಳು ಅವರ ಓಡಾಟದಿಂದ ಉಳಿದಿವೆ.

ಇನ್ನು ನಮ್ಮ ಶನಿವಾರದ ಗುಂಪು. ಕೆ.ಜಿ. ರಸ್ತೆಯಲ್ಲಿರುವ ವಾಣಿಜ್ಯೋದ್ಯಮಿಗಳ ಸಂಸ್ಥೆ ಎಫ್‌ಕೆಸಿಸಿಐನಲ್ಲಿ ಕಾರ್ಮಿಕ ಕಾನೂನಿನ ಬಗ್ಗೆ ಮಾತು ಕೇಳಲು ಹೋಗಿದ್ದೆ. ಪಕ್ಕದಲ್ಲಿ ಕೂತವರು ಬೊಮ್ಮಸಂದ್ರದ ಒಂದು ಕಂಪನಿಯ ಲಾಯರ್. ನನ್ನ ಹಾಗೇ ಒಬ್ಬರೇ. ಅವರಿಗೆ ಬಿಡದಿಯ ಇನ್ನೊಬ್ಬರ ಪರಿಚಯವಿತ್ತು. ಹಾಗೆ ಬೆಳೆದು ವಾಟ್ಸಾಪ್ ಗುಂಪಾಯಿತು, ಶನಿವಾರ ಸೇರುವುದೂ ಆಯಿತು. ನಮ್ಮಲ್ಲಿ ಹಿರಿಯರಾದ ಮೇಡಂ ಮೊದಲ ದಿನವೇ ಕಟ್ಟುಪಾಡು ಹಾಕಿದರು. ಕಂಪನಿಯ ಕಾಗದ ಹಾಕಬಾರದು, ಪಾರ್ಟಿಗಳ ಹೆಸರು ಹೇಳಬಾರದು, ಕಾನೂನಿನ ಪ್ರಶ್ನೆ ಮಾತ್ರ ಕೇಳಬೇಕು. ಯಾರೋ ಒಮ್ಮೆ ಗುತ್ತಿಗೆ ದರ ಎಷ್ಟು ಕೊಡುತ್ತೀರಿ ಅಂತ ಕೇಳಿದರು. ಮೇಡಂ ತಕ್ಷಣ ತಡೆದರು. ಒಂದೇ ವ್ಯಾಪಾರದ ಕಂಪನಿಗಳವರು ಕೂತು ದರ ಮಾತಾಡಿದರೆ 2002ರ ಸ್ಪರ್ಧಾ ಕಾಯ್ದೆಯ ಸುಳಿಗೆ ಸಿಕ್ಕಿಬೀಳಬಹುದು. ಅಷ್ಟು ಕಟ್ಟುನಿಟ್ಟು ಇರುವುದಕ್ಕೇ ಈ ಗುಂಪನ್ನು ನಂಬುತ್ತೇನೆ.

ಕಳೆದ ವರ್ಷದ ಕೊನೆಯಲ್ಲಿ ಈ ಗುಂಪು ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132ರಲ್ಲಿ ವಕೀಲರಿಗಿರುವ ಗೋಪ್ಯತೆಯ ರಕ್ಷಣೆ, ಅಂದರೆ ಕಕ್ಷಿದಾರರು ಹೇಳಿದ್ದನ್ನು ಹೊರಗೆ ಬಿಟ್ಟುಕೊಡಬೇಕಿಲ್ಲ ಅನ್ನುವ ರಕ್ಷಣೆ, ಕಂಪನಿಯ ಒಳಗಿನ ಲಾಯರ್‌ಗಳಿಗೆ ಇಲ್ಲ ಅಂತ. ಕಂಪನಿಯ ಹೊರಗಿನ ಕಾನೂನು ಸಲಹೆಗಾರರ ಜೊತೆ ನಾವು ನಡೆಸುವ ವ್ಯವಹಾರಕ್ಕೆ ಕಲಂ 134ರ ರಕ್ಷಣೆ ಉಂಟು. ನಾವು ನಮ್ಮದೇ ಎಂಡಿಗೆ ಬರೆಯುವ ಸಲಹೆಗೆ ಅದೂ ಇಲ್ಲ. ಇದು ನಮ್ಮೆಲ್ಲರಿಗೂ ನೋವಿನ ವಿಷಯ. ಕೆಲಸ ಅದೇ, ಜವಾಬ್ದಾರಿ ಅದೇ, ರಕ್ಷಣೆ ಮಾತ್ರ ಬೇರೆ. ಅದರ ಬೆನ್ನಲ್ಲೇ ನವೆಂಬರ್‌ನಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ನಿಯಮಗಳು ಬಂದವು. 21ನೇ ತಾರೀಖು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿ 29 ಹಳೆಯ ಕಾನೂನುಗಳ ಜಾಗಕ್ಕೆ ಬಂದವು. ಒಬ್ಬೊಬ್ಬರು ಒಂದೊಂದನ್ನು ಹಂಚಿಕೊಂಡು ಓದಿದೆವು. ಓದಿದವರು ಉಳಿದವರಿಗೆ ಹೇಳಿದರು. ವೇತನ ಸಂಹಿತೆಯನ್ನು ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದವರು ನಮ್ಮ ಬಿಡದಿಯ ಸರ್.

ಪೀಣ್ಯದ ಕಂಪನಿ ತನ್ನ ಕಾನೂನು ಕೆಲಸವನ್ನೆಲ್ಲ ಬೇರೆ ರಾಜ್ಯದ ಮುಖ್ಯ ಕಚೇರಿಗೆ ಸಾಗಿಸಿದಾಗ ನನ್ನ ಕೆಲಸ ಹೋಯಿತು. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲಾರೆ. ಆಗ ಬೊಮ್ಮಸಂದ್ರದ ಗೆಳತಿ ಮನೆಗೇ ಬಂದು, ನನ್ನ ಬಯೋಡೇಟಾ ಮುಂದಿಟ್ಟುಕೊಂಡು ಕೂತಳು. "ಒಪ್ಪಂದಗಳನ್ನು ನೋಡಿಕೊಂಡೆ ಅಂತ ಸುಮ್ನೆ ಬರೀಬೇಡ, ಏನು ಮಾಡಿದೆ ಅಂತ ಬರಿ" ಅಂದಳು. ಹಿರಿಯ ಮೇಡಂ ಈಗಿನ ಕಂಪನಿಗೆ ತಾವೇ ಫೋನ್ ಮಾಡಿ ನನ್ನ ಕೆಲಸದ ಬಗ್ಗೆ ಹೇಳಿದರು. ನಾನು ಕೇಳಿರಲಿಲ್ಲ. ಕೆಲಸ ಸಿಕ್ಕಿದ ಮೇಲೆ ಬೇರೆಯವರಿಂದ ತಿಳಿಯಿತು. ಮೇಡಂ, ನಿಮಗೆ ಎದುರಿಗೆ ಹೇಳಲು ಬಂದಾಗಲೆಲ್ಲ ಮಾತು ಬದಲಿಸುತ್ತೀರಿ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ನಿಮ್ಮಿಂದ ನನ್ನ ಮನೆ ನಡೆಯಿತು.

ನನ್ನ ವಿಭಾಗಕ್ಕೆ ಈಗ ಇಬ್ಬರು ಹೊಸಬರು ಸೇರಿದ್ದಾರೆ. ಒಬ್ಬ ಹಾವೇರಿಯವನು, ಒಬ್ಬಳು ಚಿತ್ರದುರ್ಗದವಳು. ಇಬ್ಬರೂ ಮೊನ್ನೆ ತಾನೇ ಸನ್ನದು ಸಸ್ಪೆಂಡ್ ಮಾಡಿಸಿ ಬಂದವರು. ಮೊದಲ ವಾರ ಅವರನ್ನು ಸ್ಟೋರ್ಸ್‌ನಲ್ಲಿ ಕೂರಿಸಿದ್ದೇನೆ, ಮುಂದಿನ ವಾರ ಅಕೌಂಟ್ಸ್‌ಗೆ. ಗುಂಪಿನವರೇ, ಈ ಶನಿವಾರ ಅವರನ್ನು ಕರೆದುಕೊಂಡು ಬರುತ್ತೇನೆ. ಅವರ ಹತ್ತಿರ ಪ್ರಶ್ನೆಗಳು ಬಹಳ ಇವೆ, ಸ್ವಲ್ಪ ಸಮಯ ಇಟ್ಟುಕೊಂಡು ಬನ್ನಿ.